ಜಸಿಂತಾ ಮರೆತುಬಿಟ್ಟ ಕಡಲೆಕಾಯಿ

ಹಿಲೋ ಎಂಬ ದ್ವೀಪದ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಜಸಿಂತಾ ನಮ್ಮ ಪಕ್ಕದ ಮನೆಯವಳು. ಅವಳು ನಕ್ಕರೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಬಾರದಿದ್ದುದು ಅಡುಗೆಯೊಂದೇ. ಪೋರ್ಚುಗೀಸರ ಮನೆಯ ಹುಡುಗಿ ಓಕಿನಾವಾದವರ ಮನೆಗೆ ಸೊಸೆಯಾಗಿ ಬಂದು ಮಾಡಿದ ಮೊದಲ ಅನ್ನವನ್ನು ಅತ್ತೆ ಉಷಿ ಹಂದಿಗಳಿಗೆ ಹಾಕಿಸಿದ್ದರು. ಹಂದಿಗಳೂ ಯೋಚನೆ ಮಾಡಿ ತಿಂದವು ಎಂದು ಗಂಡ ಕಿಯೊಶಿ ಎಲ್ಲರ ಮುಂದೆ ಹೇಳುತ್ತಿದ್ದ.

ಉಷಿಗೆ ಎಂಬತ್ತೆಂಟು ತುಂಬಿದಾಗ ಬಳಗವೆಲ್ಲ ಸೇರಿ ದೊಡ್ಡ ಊಟ ಇಟ್ಟುಕೊಂಡಿತು. ನಾದಿನಿ ತೊಮಿಕೊ ಫೋನ್ ಮಾಡಿದಳು.

"ಅತ್ತಿಗೆ, ನೀವು ಬರಿಗೈಲಿ ಬನ್ನಿ. ಅದೇ ದೊಡ್ಡ ಉಪಕಾರ."

ಜಸಿಂತಾಳಿಗೆ ರೇಗಿತು. ಸಂತೆಯಿಂದ ಹಸಿ ಕಡಲೆಕಾಯಿ ತಂದು, ಮಣ್ಣು ಹೋಗುವ ಹಾಗೆ ಉಜ್ಜಿ ತೊಳೆದು, ದೊಡ್ಡ ಪಾತ್ರೆಗೆ ಸುರಿದು ನೀರು ತುಂಬಿಸಿದಳು. ಕಲ್ಲುಪ್ಪು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಹಿಡಿ ಚಕ್ರಮೊಗ್ಗು ಹಾಕಿದಳು. ಕಾಯಿ ತೇಲದಂತೆ ಮೇಲೊಂದು ತಟ್ಟೆ ಕವುಚಿ ಒಲೆಗೇರಿಸಿದಳು.

"ಇದನ್ನ ಯಾರು ತಾನೇ ಕೆಡಿಸೋಕಾಗುತ್ತೆ, ಹೇಳೇ?" ಎಂದು ನನಗೆ ಕಾಫಿ ಕೊಟ್ಟಳು.

ನಾವು ಜಗಲಿಯಲ್ಲಿ ಮಾತಿಗೆ ಕೂತೆವು. ಕೂತವರು ಏಳಲೇ ಇಲ್ಲ. ಒಳಗೆ ಹೋಗಿ ನೋಡಿದರೆ ಪಾತ್ರೆಯ ತಳದಲ್ಲಿ ಒಂದಿಷ್ಟೇ ನೀರು. "ಅಯ್ಯೋ, ಹಾಳಾಯ್ತು!" ಎಂದು ಇನ್ನಷ್ಟು ಬಿಸಿನೀರು ಸುರಿದು ಮತ್ತೆ ಕುದಿಸಿದಳು. ಒಲೆ ಆರಿಸಿದ ಮೇಲೂ ಉಪ್ಪು ಹಿಡಿಯಲೆಂದು ಕಾಯಿಯನ್ನು ಅದೇ ನೀರಿನಲ್ಲಿ ಬಿಟ್ಟಳು. ಸಿಪ್ಪೆ ಕಪ್ಪಗಾಗಿತ್ತು, ಬೀಜ ಬೆಣ್ಣೆಯಂತಾಗಿತ್ತು.

ಮರುದಿನ ತೊಮಿಕೊಳ ಕಾರ್‌ ಶೆಡ್ಡಿನಲ್ಲಿ ಉದ್ದುದ್ದ ಮೇಜು ಹಾಕಿದ್ದರು. ಹಂದಿ ಮಾಂಸ, ಮೀನು, ಬಗೆಬಗೆಯ ಭಕ್ಷ್ಯ, ಒಂದು ತುದಿಯಲ್ಲಿ ಜಸಿಂತಾಳ ಕಡಲೆಕಾಯಿ. ಉಷಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. ಹೊಸದಾಗಿ ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತಿತ್ತೆಂದು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಯಾವುದನ್ನೂ ಅಗಿಯುವಂತಿಲ್ಲ.

ಬೇಸರಕ್ಕೆ ಒಂದು ಕಡಲೆಕಾಯಿ ಒತ್ತಿ, ರಸ ಹೀರಿದರು. ಬೀಜ ನಾಲಗೆಯ ಮೇಲೇ ಕರಗಿತು. ಇನ್ನೊಂದು ತಗೊಂಡರು. ಮತ್ತೊಂದು. ನೋಡನೋಡುತ್ತ ಮಡಿಲ ತುಂಬ ಸಿಪ್ಪೆ.

"ಇದನ್ನ ಮಾಡಿದ್ಯಾರು?"

"ಅತ್ತಿಗೆ," ಎಂದಳು ತೊಮಿಕೊ, ಮೆಲ್ಲಗೆ.

"ಒಲೆ ಮೇಲಿಟ್ಟು ಮರೆತಿದ್ಯಾ?"

"ಹೂನಮ್ಮ, ಮರ್ತುಬಿಟ್ಟೆ," ಎಂದಳು ಜಸಿಂತಾ, ತಲೆ ತಗ್ಗಿಸಿ.

"ಇನ್ಮೇಲೂ ಹಂಗೇ ಮರಿ. ನೆನಪಿಟ್ಕೊಂಡು ನೀನು ಮಾಡಿದ್ದನ್ನ ಇಷ್ಟು ವರ್ಷ ತಿಂದು ಸಾಕಾಗಿದೆ."

ಮೊದಲು ನಕ್ಕವಳು ಜಸಿಂತಾ. ಶೆಡ್ಡಿನ ತಗಡೆಲ್ಲ ನಡುಗಿತು. ಮುದುಕಿಯೂ ಬೊಚ್ಚುಬಾಯಿ ತೆರೆದು ಕಣ್ಣೀರು ಬರುವಷ್ಟು ನಕ್ಕರು. ತಂತಿವಾದ್ಯ ಶುರುವಾದಾಗ ಸೊಸೆಯ ಮಣಿಕಟ್ಟು ಹಿಡಿದು ಎಳೆದರು. ಇಬ್ಬರೂ ಕೈ ಮೇಲೆತ್ತಿ ಕುಣಿದರು.

ಆಮೇಲೆ ಪ್ರತಿ ಶನಿವಾರ ಉಷಿ ಸೊಸೆಯ ಅಡುಗೆಮನೆಗೆ ಬಂದು ಕೂರತೊಡಗಿದರು. ಪಾತ್ರೆ ಒಲೆಗೇರಿದೊಡನೆ ತಮ್ಮ ಹುಡುಗಾಟದ ಕಥೆ ತೆಗೆಯುತ್ತಿದ್ದರು. ಜಸಿಂತಾ ಮುಚ್ಚಳ ತೆಗೆಯಲು ಎದ್ದರೆ, "ಕೂತ್ಕೊಳ್ಳೇ, ಆ ಹುಡುಗ ಮರ ಹತ್ತಿದ್ದನ್ನ ಇನ್ನೂ ಹೇಳಿಲ್ಲ," ಎನ್ನುತ್ತಿದ್ದರು.