ತಾಮ್ರದ ಕೊಳಗದ ಗೊದಮೊಟ್ಟೆ

ನನಗೆ ತಾಮ್ರದ ಹುಚ್ಚು. ತಾಮ್ರದ ಚೊಂಬಿನ ನೀರು ಕುಡಿಯದೆ ನನಗೆ ಬೆಳಗಾಗಲ್ಲ, ಮನೆಯವರನ್ನೂ ಬಿಡಲ್ಲ. ಅತ್ತೆ ಮಾತ್ರ ಮಣ್ಣಿನ ಮಡಕೆ ಬಿಟ್ಟು ಅಲ್ಲಾಡಲಿಲ್ಲ. "ನಿನ್ ತಾಮ್ರ ನಿಂಗೇ ಇರ್ಲಿ ಬುಡವ್ವ" ಅನ್ನೋರು.

ಹೋದ ಮಳೆಗಾಲದಲ್ಲಿ ಚಿನಕುರಳಿಯ ಡೈರಿಗೆ ಹಾಲು ಹಾಕಿ ಬರ್ತಿದ್ದೆ. ದಾರೀಲಿ ಟ್ರಾಕ್ಟರು ಚಕ್ರ ಬಿದ್ದ ಗುಂಡಿಯ ನೀರು ಬತ್ತಿ, ಗೊದಮೊಟ್ಟೆಗಳು ವಿಲವಿಲ ಒದ್ದಾಡುತ್ತಿದ್ದವು. ಖಾಲಿ ಕ್ಯಾನಿಗೆ ಬಳಿದುಕೊಂಡು ಮನೆಗೆ ತಂದೆ.

"ಥೂ! ಹಾಲಿನ್ ಕ್ಯಾನಲ್ಲಿ ಕಪ್ಪೆಮರಿಯಾ?" ಅಂತ ಅತ್ತೆ ಬಾಯಿ ಮಾಡಿದರು. ನಾನು ಕೇಳಬೇಕಲ್ಲ! ಹುಣಸೆಹಣ್ಣು ಹಾಕಿ ಥಳಥಳ ಉಜ್ಜಿದ್ದ ತಾಮ್ರದ ಕೊಳಗಕ್ಕೇ ಸುರಿದೆ. ದೇವರ ತೀರ್ಥ ಇಡೋ ತಾಮ್ರ, ಇವಕ್ಕೆ ಆಗಲ್ವಾ? ಹಿಡಿಸದೆ ಉಳಿದ ಒಂದಷ್ಟನ್ನು ಅತ್ತೆ ಗೊಣಗುತ್ತಲೇ ಕರು ನೀರು ಕುಡಿಯೋ ಕಲ್ಲುಬಾನಿಗೆ ಬಿಟ್ಟರು.

ಮಾರನೇ ದಿನ ಕೊಳಗದಲ್ಲಿ ಮುಕ್ಕಾಲು ಪಾಲು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಾನಿಯವು ಗುಂಡುಗುಂಡಗೆ ಓಡಾಡಿಕೊಂಡಿದ್ದವು. ಗಾಬರಿಯಾಗಿ, ನಾಗಮಂಗಲದಲ್ಲಿ ವಿಜ್ಞಾನದ ಮೇಡಮ್ಮಾಗಿರುವ ನಾದಿನಿಗೆ ಫೋನು ಮಾಡಿದೆ.

"ಹುಣಸೆಹಣ್ಣಾಕಿ ಉಜ್ಜಿದ್ ತಾಮ್ರವಾ? ಅಯ್ಯೋ ಅತ್ಗೆ! ತಾಮ್ರ ನೀರಿಗೆ ಬುಟ್ಕೊಳ್ತದೆ. ನಮ್ಗೆ ಏನೂ ಆಗ್ದಿರೋವಷ್ಟೂ ಆ ಮರಿಗೆ ವಿಷ. ಅಣ್ಣ ತೆಂಗಿಗೆ ಮೈಲುತುತ್ತ ಹೊಡ್ದು ಡ್ರಮ್ಮು ಕಟ್ಟೆ ನೀರಲ್ಲಿ ತೊಳೀತಾನಲ್ಲ, ಆ ಮೈಲುತುತ್ತವೂ ತಾಮ್ರವೇ. ಮೊದ್ಲು ಅವನ್ನ ಈಚೆಗೆ ತೆಗೀರಿ!"

ನಾನೇ ಕೊಂದೆನಲ್ಲ ಅಂತ ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತೆ ಬೈಯಲಿಲ್ಲ, ಅಟ್ಟದಿಂದ ಒಂದು ಹಳೇ ಮಡಕೆ ಇಳಿಸಿ ಕೊಟ್ಟರು. ಬದುಕುಳಿದವನ್ನು ಅದಕ್ಕೆ ಬಿಟ್ಟೆ. ಅವತ್ತಿಂದ ನಮ್ಮನೆಯವರ ಡ್ರಮ್ಮೂ ಕಟ್ಟೆಯ ಕಡೆ ಹೋಗದ ಹಾಗೆ ಮಾಡಿದೆ.

ಬಾನಿಯವಕ್ಕೆ ಕಾಲು ಮೂಡಿತು, ಬಾಲ ಕರಗಿತು, ಒಂದೊಂದಾಗಿ ಗದ್ದೆ ಸೇರಿದವು. ನನ್ನವು ಬೆಳೆಯಲೇ ಇಲ್ಲ. ದಿನಕ್ಕೊಂದು ಎರಡು ಹೋಗಿ, ಕೊನೆಗೆ ಒಂದೇ ಒಂದು ಉಳಿಯಿತು. ಬೇಯಿಸಿದ ಸೊಪ್ಪು ಹಾಕೋದು, ನೀರು ಬದಲಾಯಿಸೋದು, ಇಣುಕೋದು, ಇದೇ ಕೆಲಸವಾಯಿತು. "ನಿನ್ ಬಾಣಂತನ ಎಲ್ಲಿಗ್ ಬಂತಮ್ಮಿ?" ಅಂತ ಅತ್ತೆ ದಿನಾ ರೇಗಿಸೋರು. ಇದೊಂದಾದರೂ ಬದುಕಲಪ್ಪ ಅಂತ ಮೇಲುಕೋಟೆ ಸ್ವಾಮಿಗೆ ಹೇಳಿಕೊಂಡೆ. ನಾನು ಹಾಲು ಹಾಕೋಕೆ ಹೋದಾಗ ಅತ್ತೆಯೂ ಮಡಕೆ ಇಣುಕುತ್ತಾರೆ ಅನ್ನೋದು ಆಮೇಲೆ ಗೊತ್ತಾಯಿತು.

ಅಂತೂ ಹಿಂಗಾಲು ಬಂತು. ಎಷ್ಟೋ ದಿನ ಕಾಯಿಸಿ ಮುಂಗಾಲೂ ಬಂತು. ಒಂದು ಬೆಳಗ್ಗೆ ನೋಡುತ್ತೇನೆ, ಮಡಕೆ ಖಾಲಿ! ಹಿತ್ತಿಲೆಲ್ಲ ಹುಡುಕಿದೆ. ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ನಾನು ಬೋರಲು ಹಾಕಿದ್ದ ತಾಮ್ರದ ಕೊಳಗದ ಮೇಲೆ ಜಂಬವಾಗಿ ಕೂತಿತ್ತು.

ನನಗಿಂತ ಮೊದಲು ಅತ್ತೆಯೇ ಓಡಿ ಬಂದು ಅದನ್ನು ಅಂಗೈಗೆ ತಗೊಂಡರು. ಗದ್ದೆ ಬದುವಿಗೆ ಹೋಗಿ ಬಿಡುತ್ತಾ, "ಆ ಕೊಳಗದತ್ರ ಸುಳೀಬ್ಯಾಡ ಕಣ್ಲಾ, ನಿಮ್ಮವ್ವ ಮತ್ತೆ ಅದ್ರೊಳಕ್ಕೇ ಆಕ್ಬುಟ್ಟಾಳು" ಅಂದರು.