ಆಕಾಶದಿಂದ ಬಂದವರಿಗೆ ಆಯಿ ಇಟ್ಟ ತಾಟು

ಮಳೆಯಲ್ಲಿ ತೊಯ್ದು ಅರ್ಧ ಒಣಗಿದ ಕಂಬಳಿಗೆ ಒಂದು ವಾಸನೆ ಇರುತ್ತದೆ. ಅದನ್ನು ಸುವಾಸನೆ ಎಂದು ಯಾರೂ ಅನ್ನಲಾರರು. ಕುರಿಯ ಮೈಜಿಡ್ಡು, ಗಂಜಳ, ಒಲೆಯ ಹೊಗೆ, ಬೀಡಿ, ಮನುಷ್ಯನ ಬೆವರು ಎಲ್ಲ ಕಲೆತು ಮೂಗಿಗೆ ಬಡಿಯುವ ವಾಸನೆ. ಮೊನ್ನೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಅಂಥದೊಂದು ಕಂಬಳಿ ಹೊದ್ದ ಮುದುಕ ನನ್ನ ಮುಂದಿನ ಸೀಟಿಗೆ ಬಂದು ಕುಳಿತ. ಬಾಜೂಕಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಡಕಿಯ ಕಡೆ ತಿರುಗಿಬಿಟ್ಟಳು. ನಾನೇನು ಹೇಸಿಕೆ ಇಲ್ಲದವಳಲ್ಲ. ಮಜ್ಜಿಗೆಯಲ್ಲಿ ಒಂದು ಕೂದಲು ಕಂಡರೆ ಎರಡು ದಿನ ಮಜ್ಜಿಗೆ ಮುಟ್ಟುವುದಿಲ್ಲ. ಯಾರಾದರೂ ಸೊರಸೊರ ಚಹಾ ಹೀರುವ ಸಪ್ಪಳ ಕಿವಿಗೆ ಬಿದ್ದರೆ ನನ್ನ ಕಪ್ಪು ಕೆಳಗಿಡುತ್ತೇನೆ. ಆದರೆ ಆ ಕಂಬಳಿಯ ವಾಸನೆಗೆ ನನಗೆ ಓಕರಿಕೆ ಬರಲಿಲ್ಲ, ಹಸಿವಾಯಿತು. ಮಿಶ್ರಿಕೋಟಿಯ ನಮ್ಮ ಮನೆಯ ಪಡಸಾಲೆ, ಮಧ್ಯಾಹ್ನದ ಊಟದ ಹೊತ್ತು, ಬಿಸಿರೊಟ್ಟಿಯ ಹಬೆ, ಅದರ ನಡುವೆ ಇದೇ ವಾಸನೆ. ಕುರಿ ಕಾಯುವ ಕರಿಯಪ್ಪ ಉಣ್ಣಲು ಬಂದು ಕುಳಿತಿದ್ದಾನೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಆ ಮನೆ ಈಗಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಮಾಳಿಗೆಯ ಮಣ್ಣು ಕುಸಿದು, ಕಡೆಗೆ ಜಾಗ ಯಾರಿಗೋ ಹೋಯಿತು. ಈಗ ಅಲ್ಲಿ ರಸಗೊಬ್ಬರದ ಅಂಗಡಿ ಇದೆ. ನಾನು ಹೇಳುವ ಕಾಲಕ್ಕೆ ಅಲ್ಲಿ ಸಗಣಿ ಸಾರಿಸಿದ ಉದ್ದನೆಯ ಪಡಸಾಲೆ ಇತ್ತು, ಕೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಹೊಳೆಯುವ ಕಂಬಗಳಿದ್ದವು, ಮತ್ತು ಎಲ್ಲಕ್ಕೂ ಮುಂದೆ ಆಯಿ ಇದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಊಟದ ವಿಷಯದಲ್ಲಿ ಆಕೆಗೆ ಎರಡು ಕಟ್ಟಳೆಗಳಿದ್ದವು. ಉಣ್ಣುವ ಹೊತ್ತಿಗೆ ಕಣ್ಣಿಗೆ ಬಿದ್ದವರು ಯಾರೇ ಇರಲಿ, ಬಳೆಗಾರ, ಪಾತ್ರೆ ಮಾರುವ ಬೋಗಾರ, ದಾರಿ ತಪ್ಪಿದ ಪರಊರಿನವ, "ಬರ್ರಿ, ಊಟಾ ಮಾಡೂಣು" ಎಂದು ಕರೆಯದೆ ತುತ್ತು ಎತ್ತಬಾರದು. ಎರಡನೆಯದು, ನೀಡಿದ ಅನ್ನ ಪ್ರಸಾದ. ತಾಟಿನಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ಆಯಿ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದಳು. ಖಾರದ ಎಣ್ಣೆ ತೇಲುವ ಆ ನೀರು ಕಂಡು ನಾನು ಮುಖ ಕಿವಿಚಿದರೆ ಆಯಿ ನಗುತ್ತಿದ್ದಳು. "ಅನ್ನಕ್ಕ ಹೇಸಬಾರದು ಬೇ. ಅನ್ನಕ್ಕ ಹೇಸಿದ್ರ ಅದೂ ನಮಗ ಹೇಸ್ತದ" ಎನ್ನುತ್ತಿದ್ದಳು.

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಕರಿಯಪ್ಪ ಪ್ರತಿವರ್ಷ ತನ್ನ ಕುರಿ ಹಿಂಡು ತಂದು ನಮ್ಮ ಹೊಲದಲ್ಲಿ ನಿಲ್ಲಿಸುತ್ತಿದ್ದ. ಹಿಕ್ಕೆ, ಗಂಜಳ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಅವನಿಗೆ ಜೋಳ ಅಳೆದು ಕೊಡುತ್ತಿದ್ದರು. ಅವನು ನಮ್ಮಲ್ಲಿದ್ದಷ್ಟು ದಿನ ಮಧ್ಯಾಹ್ನ ಮನೆಗೆ ಬರುವುದು, ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮುವುದು, ಆಯಿ ಕರೆಯುವುದು, ಅವನು ಕಂಬಕ್ಕೆ ಕೋಲು ಆನಿಸಿ ಪಡಸಾಲೆಯಲ್ಲಿ ಆಕೆಯ ಎದುರಿಗೇ ಕೂಡುವುದು, ಇದು ತಪ್ಪುತ್ತಿರಲಿಲ್ಲ. ಊರವರಿಗೆ ಇದು ಸರಿಬರುತ್ತಿರಲಿಲ್ಲ. ಬಾಜೂಮನೆಯ ಗಂಗವ್ವ ಒಮ್ಮೆ ಕೇಳಿಯೂ ಬಿಟ್ಟಳು: "ಕುರಿ ಕೋಳಿ ತಿನ್ನಾಂವನ್ನ ಲಿಂಗ ಕಟ್ಟಿದ ಮನಿ ಪಡಸಾಲ್ಯಾಗ ಕುಂಡ್ರಸ್ತೀರಲ್ರಿ?" ಆಯಿ ಅಷ್ಟೇ ನಿರುಮ್ಮಳವಾಗಿ, "ಹೊರಗ ಏನ ತಿಂತಾನೋ ನಾ ನೋಡಿಲ್ಲವಾ. ನಮ್ಮನ್ಯಾಗ ರೊಟ್ಟಿ ತಿಂತಾನ" ಎಂದಳು.

ಟೀವಿ ತಂದವನು ನಮ್ಮ ಕಾಕಾ, ಅಪ್ಪನ ತಮ್ಮ. ಊರಿಗೆ ಎರಡನೆಯದೋ ಮೂರನೆಯದೋ ಇರಬೇಕು. ಕಪ್ಪುಬಿಳುಪಿನ ಡಬ್ಬಿ, ಅದಕ್ಕೆ ಮರದ ಬಾಗಿಲು, ಮಾಳಿಗೆಯ ಮೇಲೆ ಕಾಗೆ ಕೂತಾಗೊಮ್ಮೆ ತಿರುಗಿಬಿಡುವ ಆ್ಯಂಟೆನಾ. ರವಿವಾರ ಬಂತೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆವರು, ಎಳೆಮಕ್ಕಳ ಉಚ್ಚೆ, ತಂಬಾಕು, ಅಗಿದು ಮೂಲೆಗೆ ಉಗಿದ ಎಲಿಅಡಿಕೆ. ಜನ ಹೋದ ಮೇಲೆ ಅವ್ವ ಮೂಗು ಮುರಿಯುತ್ತ ಎರಡೆರಡು ಸಲ ಸಾರಿಸುತ್ತಿದ್ದಳು. ಆ ವರ್ಷ ರವಿವಾರ ಊಟದ ಹೊತ್ತಿಗೆ ಒಂದು ಇಂಗ್ಲಿಷ್ ಕಥೆ ಬರುತ್ತಿತ್ತು. ದೊಡ್ಡ ಬೋಗುಣಿ ಬೋರಲು ಹಾಕಿದಂಥ ವಿಮಾನದಲ್ಲಿ ಆಕಾಶದಿಂದ ಯಾರೋ ಬಂದು ಇಳಿಯುತ್ತಾರೆ. ನೋಡಲು ನಮ್ಮ ಹಾಗೆಯೇ, ನಮಗಿಂತ ಸ್ವಚ್ಛ. ಇಸ್ತ್ರಿ ಮುರಿಯದ ಬಟ್ಟೆ, ಮೆಲ್ಲನೆಯ ಮಾತು. ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೇ ಎರಡು ಸಲ ಡುಮ್ಕಿ ಹೊಡೆದಿದ್ದ ಕಾಕಾ ಅದರ ಅರ್ಥ ಹೇಳುವ ಗುತ್ತಿಗೆ ಹಿಡಿದಿದ್ದ. "ಇವರು ಅಗದಿ ಚಲೋ ಮಂದಿ. ನಮಗ ಔಷಧ ಕೊಡಾಕ ಬಂದಾರ" ಎಂದು ಹೇಳಿದ. ಅವರ ಮುಖಂಡಳಾದ ಹೆಣ್ಣುಮಗಳು ಆಯಿಗೆ ಬಹಳ ಹಿಡಿಸಿದ್ದಳು. "ಎಷ್ಟ ಲಕ್ಷಣ ಅದಾಳ ನೋಡ. ಹಣಿ ಒಂದು ಬರಿದೈತಿ" ಎಂದು ಮರುಗುತ್ತಿದ್ದಳು.

ಆಯಿಗೆ ಒಂದು ಪೇಚು ಬಂತು. ನಾವು ಉಣ್ಣುವ ಹೊತ್ತಿಗೇ ಅವರು ಬರುತ್ತಿದ್ದರು, ನಮ್ಮನ್ನೇ ನೋಡುತ್ತಿದ್ದರು. ಅವರ ಎದುರು ನಾವಷ್ಟೇ ಹೇಗೆ ಉಣ್ಣುವುದು? ಕಾಕಾ ಬಿದ್ದು ಬಿದ್ದು ನಕ್ಕ, ಅವರು ಬೇರೆ ಗ್ರಹದವರು ಎಂದ. "ಎಲ್ಲಿಂದರ ಬರ್ಲಿ, ಉಣ್ಣೂ ಹೊತ್ತಿಗೆ ಬಂದಾರಿಲ್ಲೋ" ಎಂದಳು ಆಯಿ. ಅಂದಿನಿಂದ ರವಿವಾರ ಪೂಜೆ ಮುಗಿಸಿ ಬಂದು ತನ್ನ ಕಂಚಿನ ತಾಟಿನಲ್ಲಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು ನೀಡಿಸಿಕೊಂಡು ಮೊದಲು ಟೀವಿಯ ಮುಂದೆ ಇಡುತ್ತಿದ್ದಳು. "ಬರ್ರಿ, ಊಟಾ ಮಾಡೂಣು" ಎಂದು ಸೆರಗು ಸರಿಮಾಡಿಕೊಂಡು ಕರೆಯುತ್ತಿದ್ದಳು. ಒಂದು ಗಳಿಗೆ ಬಿಟ್ಟು ಆ ತಾಟನ್ನೇ ತಿರುಗಿ ತೆಗೆದುಕೊಂಡು ತಾನು ಉಣ್ಣುತ್ತಿದ್ದಳು. ಕೂಡಿದ ಮಂದಿ ಮುಸಿಮುಸಿ ನಗುತ್ತಿದ್ದರು. ಆಕೆ ಯಾರ ನಗೆಗೂ ಅಂಜಿದವಳಲ್ಲ.

ಆ ರವಿವಾರ ಕರಿಯಪ್ಪನೂ ಬಂದಿದ್ದ. ಆಯಿ ತಾಟು ಇಟ್ಟು ಕರೆದಿದ್ದಳಷ್ಟೆ. ಟೀವಿಯಲ್ಲಿ ಯಾರದೋ ದೊಡ್ಡ ಮನೆಯ ಊಟ. ಆಕಾಶದಿಂದ ಬಂದ ಆ ಹೆಣ್ಣುಮಗಳು ಒಬ್ಬಳೇ ಮೇಜಿನ ಮುಂದೆ ಕುಳಿತಿದ್ದಳು. ಎದುರಿಗೆ ಒಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಏನೋ ಬಿಳಿಯದು ಮಿಸುಕಾಡಿತು, ಚಿಂವ್ ಎಂದಿತು. ಆಕೆ ಎರಡು ಬೆರಳಿನಲ್ಲಿ ಅದನ್ನು ಎತ್ತಿದಾಗ ತಿಳಿಯಿತು, ಜೀವಂತ ಕೋಳಿಮರಿ. ಮುದ್ದಾಡುತ್ತಾಳೆಂದು ನಾವು ತಿಳಿದೆವು. ಆಕೆ ತಲೆ ಹಿಂದಕ್ಕೆ ಚಾಚಿದಳು. ಗದ್ದ ಕಳಚಿದ ಹಾಗೆ ಕೆಳಗಿಳಿಯಿತು, ಇನ್ನೂ ಇಳಿಯಿತು, ಮನುಷ್ಯರ ಬಾಯಿ ಅಷ್ಟು ತೆರೆಯುವುದಿಲ್ಲ. ಮರಿ ಒಳಗೆ ಹೋಯಿತು. ತುಟಿಗಳ ನಡುವೆ ಕಡ್ಡಿಯಂಥ ಎರಡು ಕಾಲು ಒದ್ದಾಡಿದವು, ನಿಂತವು, ಅವೂ ಹೋದವು. ಆಮೇಲೆ ಆ ಚಂದದ ಕೊರಳಲ್ಲಿ ಒಂದು ಗಂಟು ಎದ್ದು, ನಿಧಾನವಾಗಿ, ಜಾರುತ್ತ ಜಾರುತ್ತ ಕೆಳಗಿಳಿಯಿತು. ಕರವಸ್ತ್ರದಿಂದ ತುಟಿ ಒರೆಸಿಕೊಂಡು ಆಕೆ ನಮ್ಮ ಕಡೆ ನೋಡಿ ನಕ್ಕಳು. ತುಟಿಗೆ ಒಂದು ಪುಕ್ಕದ ಎಳೆ ಅಂಟಿತ್ತು.

ಇಷ್ಟು ಬರೆಯುವಾಗಲೂ ನನ್ನ ಬಾಯಲ್ಲಿ ಹುಳಿನೀರು ಬಂತು. ಪಡಸಾಲೆಯಲ್ಲಿ ಒಬ್ಬರ ಮೇಲೊಬ್ಬರು ಎದ್ದರು. "ಥೂ, ಥೂ, ಏನ ಹೊಲಸ ಇದು" ಎಂದು ಯಾರೋ ಕೂಗಿದರು. ಗಂಗವ್ವ ಬಾಗಿಲವರೆಗೂ ಹೋಗಲಾರದೆ ಕಂಬದ ಬುಡಕ್ಕೇ ಕಾರಿಕೊಂಡಳು. ಬೆಳಗಿನ ಅವಲಕ್ಕಿ ಹಾಗೆಯೇ ಬಿತ್ತು, ನೊಣ ಮುತ್ತಿದವು. ಅದನ್ನು ನೋಡಿ ಇನ್ನಿಬ್ಬರು ಶುರುಮಾಡಿದರು. ಅವ್ವ ಒಲೆಯಿಂದ ಬೂದಿ ತಂದು ಸುರಿದಳು. ಕಾಕಾ ಟೀವಿ ಬಂದ್ ಮಾಡಿ, ಎಲ್ಲ ತನ್ನದೇ ತಪ್ಪೆಂಬಂತೆ ಅದರ ಬಾಗಿಲನ್ನೂ ಎಳೆದ. ಮಂದಿ ಉಗುಳುತ್ತ, ಬೈಯುತ್ತ ಹೊರಗೆ ಹೋದರು. ಆಯಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಮುಚ್ಚಿದ ಟೀವಿಯ ಮುಂದೆ ಆಕೆಯ ತಾಟು ಇತ್ತು.

ಅವಳ ಸಂಕಟ ನಮಗೆಲ್ಲ ಗೊತ್ತಾಯಿತು. ಆ ಬಾಯಿಯವಳನ್ನು ಕರೆದು ಇಟ್ಟ ತಾಟು ಅದು. ಉಣ್ಣುವಂತಿಲ್ಲ, ಇಟ್ಟ ಮೇಲೆ ಬಿಡುವಂತಿಲ್ಲ. ಆಯಿ ರೊಟ್ಟಿ ಮುರಿದಳು, ಬಾಯಿಯವರೆಗೆ ಒಯ್ದಳು, ಓಕರಿಸಿ ಇಳಿಸಿದಳು. ಮತ್ತೆ ಒಯ್ದಳು, ಮತ್ತೆ ಇಳಿಸಿದಳು. ಅವ್ವ, "ಆಕಳಿಗೆ ಹಾಕಿ ಬರ್ತೇನ್ರಿ ಅತ್ತಿ" ಎಂದರೆ ತಲೆ ಅಲ್ಲಾಡಿಸಿದಳು.

"ಯವ್ವಾ, ಅದೆಲ್ಲಾ ಸುಳ್ಳ ಐತಿ. ಅದು ರಬ್ಬರಿನ ಮರಿ" ಎಂದ ಕಾಕಾ.

"ಅದು ಸುಳ್ಳ ಇದ್ದೀತು. ನಾ ನೀಡಿದ್ದು ಖರೇ ರೊಟ್ಟಿ ಐತೆಲ್ಲೋ" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಆಯಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಕರಿಯಪ್ಪ ಮುಂದೆ ಬಂದ. ಅವನೊಬ್ಬನೇ ಹೇಸಿರಲಿಲ್ಲ, ಕಂಬಕ್ಕೆ ಆತು ಕುಳಿತು ಎಲ್ಲರ ಗದ್ದಲ ನೋಡಿ ನಗುತ್ತಿದ್ದ. ಆಯಿಯನ್ನು ಸಮಾಧಾನ ಮಾಡಬೇಕೆಂದೇ ಹೇಳಿದ: "ಅದಕ್ಯಾಕ ಇಷ್ಟ ಹೇಸ್ತೀರ್ರಿ ಅವ್ವಾರ? ನಾವು ಕೊಯ್ದು ಬೇಯಿಸಿ ತಿಂತೇವಿ, ಆಕಿ ಹಂಗ ನುಂಗಿದ್ಲು. ಅಷ್ಟ ಫರಕು. ಕೊಡ್ರಿಲ್ಲೆ, ನಿಮ್ಮ ಪ್ರಸಾದ ನಾ ಉಣ್ತೇನಿ. ಮನಿ ಮಂದ್ಯಾಗ ಒಬ್ಬರು ಉಂಡ್ರ ಆತಲ್ರಿ." ಅವಳ ಎದುರಿಗೆ ಕುಳಿತು ತಾಟು ತನ್ನ ಕಡೆ ಎಳೆದುಕೊಂಡ. ರೊಟ್ಟಿ ಉಂಡ, ಎಣ್ಣಿಗಾಯಿ ಉಂಡ, ಮೊಸರಿನ ಬಟ್ಟಲು ಬೆರಳಿನಿಂದ ಸವರಿದ. ಇಷ್ಟು ವರ್ಷ ಆಯಿಯನ್ನು ನೋಡಿ ಕಲಿತದ್ದೋ ಏನೋ, ತಾಟಿಗೆ ನೀರು ಹಾಕಿ ತೊಳೆದು ಗಟಗಟನೆ ಕುಡಿದೂಬಿಟ್ಟ. ಅವ್ವನ ಮುಖ ಹಗುರಾಯಿತು. ನಾನು ಆಯಿಯ ಕಡೆ ನೋಡಿದೆ. ಆಕೆ ತಾಟನ್ನು ನೋಡುತ್ತಿರಲಿಲ್ಲ. ಕರಿಯಪ್ಪನ ಗದ್ದ ಆಡುವುದನ್ನು, ನೀರು ಇಳಿಯುವಾಗ ಅವನ ಗಂಟಲುಮಣಿ ಏರಿ ಇಳಿಯುವುದನ್ನು ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಮಧ್ಯಾಹ್ನ ಕರಿಯಪ್ಪ ಎಂದಿನಂತೆ ಬಂದು ಹೊಸ್ತಿಲಾಚೆ ನಿಂತು ಕೆಮ್ಮಿದ. ಕರೆ ಬರಲಿಲ್ಲ. ಆಯಿ ಅಂದು ಪಡಸಾಲೆ ಬಿಟ್ಟು ಅಡಿಗೆಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಉಣ್ಣಲು ಕುಳಿತಿದ್ದಳು. ಅತ್ತೆ ಕರೆಯದ ಹೊರತು ಸೊಸೆ ಕರೆಯುವ ರೂಢಿ ಇರಲಿಲ್ಲ, ಅವ್ವ ಕೈಯಲ್ಲಿ ರೊಟ್ಟಿ ಹಿಡಿದು ನಿಂತುಬಿಟ್ಟಳು. ಅವನು ಇನ್ನೊಮ್ಮೆ ಕೆಮ್ಮಿದ. ನಾನು ಓಡಿಹೋಗಿ, "ಆಯೀ, ಕರಿಯಪ್ಪ ಬಂದಾನ, ಕರಿ" ಎಂದೆ.

"ಕರೀಬೇಕಂತ ಮನಸ ಐತಿ ಬೇ, ಬಾಯಿ ಬರವಲ್ದು" ಎಂದಳು ಆಯಿ ಪಿಸುದನಿಯಲ್ಲಿ. "ಆಂವನ ಬಾಯಿ ನೆನಸಿದ್ರ ಆ ಮರೀ ಕಾಲು ಕಾಣತಾವು."

ಅವ್ವ ನಾಲ್ಕು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಹೊರಗೆ ಒಯ್ದು ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. "ಅವ್ವಾರು ಆರಾಮ ಅದಾರಿಲ್ರಿ?" ಎಂದು ಕೇಳಿದ. ಅವ್ವ ಹೌದೆಂದಳು. ಒಳಗೆ ಒಮ್ಮೆ ಇಣುಕಿ ನೋಡಿದ. ಅಡಿಗೆಮನೆಯ ಬಾಗಿಲಲ್ಲಿ ಆಯಿಯ ಬೆನ್ನು ಕಾಣುತ್ತಿತ್ತು. ಹೊರಗೋಡೆಗೆ ಆನಿಸಿದ್ದ ಕೋಲು ತೆಗೆದುಕೊಂಡು ಹೋದ. ಆಮೇಲೆ ಇನ್ನೊಂದೆರಡು ದಿನ ಗಂಟು ಒಯ್ದ, ಆಮೇಲೆ ಬರಲಿಲ್ಲ.

ನನಗೆ ಈಗಲೂ ಸಿಟ್ಟು ಬರುತ್ತದೆ. ಹೇಸಿಕೆ ಎಂಬುದು ಎಷ್ಟು ನಾಚಿಕೆಗೇಡಿನದು ನೋಡಿ. ಎಲ್ಲಿಯೋ ಯಾರೋ ಬಣ್ಣ ಬಳಿದುಕೊಂಡು ರಬ್ಬರಿನ ಮರಿ ನುಂಗಿದ್ದಕ್ಕೆ, ನಮ್ಮ ಎದುರಿಗೆ ಕುಳಿತು ನಮ್ಮ ರೊಟ್ಟಿ ಉಣ್ಣುತ್ತಿದ್ದವನ ಬಾಯಿಗೆ ಹೋಗಿ ಅಂಟಿತು. ಊರವರು ಇಷ್ಟು ವರ್ಷ ಹೇಳಿ ಹೇಳಿ ಮಾಡಲಾಗದ್ದನ್ನು ಆ ಡಬ್ಬಿ ಒಂದು ಗಳಿಗೆಯಲ್ಲಿ ಮಾಡಿತು. ಆಕಾಶದವರು ಕಡೆಗೆ ಗೆದ್ದರೋ ಸೋತರೋ ನಮಗೆ ತಿಳಿಯಲಿಲ್ಲ. ಆ ಕಥೆಯನ್ನು ನಮ್ಮ ಮನೆಯಲ್ಲಿ ಮತ್ತೆ ಹಚ್ಚಲಿಲ್ಲ. ಆಯಿ ಮತ್ತೆ ಪಡಸಾಲೆಯಲ್ಲಿ ಕುಳಿತು ಉಣ್ಣಲಿಲ್ಲ. ಉಣ್ಣುವಾಗ ತಲಬಾಗಿಲು ಮುಂದೆ ಮಾಡಿ ಬಾ ಎಂದು ನನಗೇ ಹೇಳುತ್ತಿದ್ದಳು. ಬಳೆಗಾರರು, ಬೋಗಾರರು ಬಾಗಿಲು ಮುಚ್ಚಿದ್ದು ಕಂಡು ಮುಂದೆ ಹೋಗುತ್ತಿದ್ದರು.

ಮರುವರ್ಷ ಕರಿಯಪ್ಪ ಕುರಿ ನಿಲ್ಲಿಸಿದ್ದು ಹಳ್ಳದಾಚೆ ಬೇರೆಯವರ ಹೊಲದಲ್ಲಿ. ಸುದ್ದಿ ಕೇಳಿದ ಆಯಿ ಮೂರನೆಯ ದಿನ ನಸುಕಿನಲ್ಲೇ ಎದ್ದು, ಅವ್ವನಿಗೆ ಎಣ್ಣಿಗಾಯಿ ಮಾಡಲು ಹೇಳಿ, ತಾನೇ ರೊಟ್ಟಿ ಬಡಿದಳು. ಹತ್ತಿರದಿಂದ ಒಲೆಯ ಝಳ ತಾಗಿ ಮುಖ ಕೆಂಪಾಗಿತ್ತು. ಎಲ್ಲ ಗಂಟು ಕಟ್ಟಿಕೊಂಡು, "ನಡಿ ಬೇ, ಕರಿಯಪ್ಪನ ಕಡೆ ಹೋಗೂಣು" ಎಂದು ನನ್ನನ್ನು ಕರೆದುಕೊಂಡು ಹೊರಟಳು. ಹಾದಿಯುದ್ದಕ್ಕೂ ಹಗುರಾಗಿದ್ದಳು. ಎಲ್ಲಿ ಕೂಡಬೇಕು, ಅವನಿಗೆ ಮೊಸರು ಮೊದಲೋ ಕಡೆಗೋ ಎಂದೆಲ್ಲ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ನಾವು ಹೋಗುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಅವನು, ಅವನ ಹೆಂಡತಿ ಊಟಕ್ಕೆ ಕುಳಿತಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಮುಚ್ಚಿದ ಗಡಿಗೆ ಇತ್ತು. ಅದರೊಳಗೆ ಏನಿತ್ತೋ, ಬರೀ ಬೇಳೆಯೇ ಇದ್ದೀತು. ಆಯಿ ಬದುವಿನ ಮೇಲೆಯೇ ನಿಂತಳು.

ಕರಿಯಪ್ಪ ನಮ್ಮನ್ನು ಕಂಡ. ಬಾಯಲ್ಲಿದ್ದ ತುತ್ತು ಅವಸರದಿಂದ ನುಂಗಿ, ಎದ್ದು, ಮುಖವೆಲ್ಲ ನಗೆಯಾಗಿ, ಹಿಂದಿನದೇನೂ ಆಗಿಯೇ ಇಲ್ಲವೆಂಬಂತೆ ಕೂಗಿದ: "ಬರ್ರಿ ಅವ್ವಾರ, ಬರ್ರಿ! ಊಟಾ ಮಾಡೂಣು!"

ಆಯಿಯ ಕೈ ನನ್ನ ಕೈಯನ್ನು ನೋಯುವಷ್ಟು ಹಿಚುಕಿತು. ಗಂಟನ್ನು ಸೆರಗಿನ ಒಳಗೆ ಸರಿಸಿಕೊಂಡಳು.

"ನಂದು ಊಟಾ ಆತೋ ತಮ್ಮಾ. ಹಿಂಗ ಬಂದಿದ್ದೆ" ಎಂದಳು.

ಅವನ ಜೊತೆಗೇ ಕುಳಿತು ಉಣ್ಣಬೇಕೆಂದು ಆಕೆ ಬೆಳಿಗ್ಗೆಯಿಂದ ಒಂದು ತುತ್ತೂ ಉಂಡಿರಲಿಲ್ಲ.