ಹೆಣ್ಣು ನೋಡಲು ಬಂದವರಿಗೆ ರಾಕ್ಷಸನ ಹಾಡು

ನಮ್ಮಪ್ಪ ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಆದರೆ ಅರಳಗುಪ್ಪೆ ಹತ್ತಿರದ ನಮ್ಮೂರಿನಲ್ಲಿ ಯಾವ ಪೌರಾಣಿಕ ನಾಟಕ ಕಲಿತರೂ ಪ್ರಾಕ್ಟೀಸು ನಡೆಯುತ್ತಿದ್ದದ್ದು ನಮ್ಮ ಕೊಬ್ಬರಿ ಅಟ್ಟದ ಕೆಳಗೇ. ಮೇಲೆ ಕಾಯಿ ಒಣಗುತ್ತಿತ್ತು, ಕೆಳಗೆ ಊರಿನ ಗಂಡಸರು ರಾಗ ಎಳೆದೆಳೆದು ಒಣಗುತ್ತಿದ್ದರು. ಹಿಟ್ಟಿನ ಗಿರಣಿಯವರೊಬ್ಬರನ್ನು ಬಿಟ್ಟರೆ ಮಿಕ್ಕವರ ಗಂಟಲಿಗೂ ಹಾರ್ಮೋನಿಯಮ್ಮಿಗೂ ಮಾತುಕತೆಯೇ ಇರಲಿಲ್ಲ. ಗಿರಣಿಯವರದು ಪ್ರತಿಸಲವೂ ರಾಕ್ಷಸರಾಜನ ಪಾರ್ಟು. ಹೆಣ್ಣು ಪಾರ್ಟಿನವರು ನಾಟಕದ ದಿನವೇ ತುಮಕೂರಿನಿಂದ ಬಂದಿಳಿಯುತ್ತಿದ್ದರು. ಹೀಗಾಗಿ ಹೆಣ್ಣುಮಕ್ಕಳು ಹೇಳುವಂಥ ಹಾಡು ನನಗೆ ಒಂದೂ ಬಾರದು. ರಾಕ್ಷಸರಾಜನವು ಮಾತ್ರ ನಗುವಿನ ಸಮೇತ ಬಾಯಿಪಾಠ.

ಓದು ಮುಗಿಸಿದ ವರ್ಷ ತುರುವೇಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಹೆಂಡತಿ, ಮಗನ ಜೊತೆ ನನ್ನನ್ನು ನೋಡಲು ಬಂದರು. ಕೇಸರಿಬಾತು ಮುಗಿಯುತ್ತಿದ್ದಂತೆ ಹುಡುಗನ ತಾಯಿ, "ಒಂದು ಹಾಡು ಹೇಳವ್ವ, ದೇವ್ರುದ್ದಾದ್ರೂ ಸರಿ," ಅಂದರು.

ಯಾವ ದೇವರೂ ನೆನಪಿಗೆ ಬರಲಿಲ್ಲ. ಬಂದದ್ದು ರಾಕ್ಷಸನೇ. ಕಣ್ಣು ಮುಚ್ಚಿಕೊಂಡು, ಮೂರು ಲೋಕವನ್ನೂ ಯುದ್ಧಕ್ಕೆ ಕರೆಯುವ ಅವನ ಹಾಡನ್ನು ಶುರು ಮಾಡಿಬಿಟ್ಟೆ. ಸ್ವರ ಏರಿದಂತೆ ನಾಚಿಕೆ ಇಳಿಯಿತು. ಕೊನೆಗೆ ಅಭ್ಯಾಸಬಲದಿಂದ ಆ ಗಹಗಹಿಸುವ ನಗುವೂ ಹೊರಬಿತ್ತು. ಅಮ್ಮ ಹಿಂದಿನಿಂದ ಚಿವುಟಿ, "ನಿನ್ ಮನೆ ಕಾಯೋಗ, ನಿಲ್ಸೇ!" ಅಂದಳು.

ನಿಲ್ಲಿಸಿದೆ. ಹುಡುಗನ ಅಪ್ಪ ತಟ್ಟೆಯನ್ನು ಕೆಳಗಿಟ್ಟು, ಕೈ ಮೇಲೆತ್ತಿ, "ಒನ್ಸ್ ಮೋರ್!" ಎಂದು ಕೂಗಿದರು.

"ರೀ, ಹೆಣ್ಣು ನೋಡಕ್ ಬಂದಿರೋದು ಕಣ್ರೀ," ಅಂದರು ಅವರ ಹೆಂಡತಿ.

"ನೋಡಾಯ್ತು, ಈಗ ಕೇಳಾನ ಸುಮ್ಕಿರು."

ಎರಡನೇ ಸಲ ತೊಡೆ ತಟ್ಟಿಯೇ ಹಾಡಿದೆ. ಮಾನ ಹೇಗೂ ಹೋಗಿತ್ತು, ಹಾಡಾದರೂ ಸರಿಯಾಗಿ ಬರಲಿ ಅನ್ನಿಸಿತ್ತು.

ಆಮೇಲೆ ಹಿತ್ತಲಿನಲ್ಲಿ ಹುಡುಗ ತೆಂಗಿನಮರವನ್ನು ನೋಡುತ್ತಾ ಕೇಳಿದರು: "ಮನೇಲೂ ಹಿಂಗೇ ನಗ್ತೀರಾ?"

"ಇಲ್ಲ, ಸಿಟ್ಟು ಬಂದಾಗ ಮಾತ್ರ."

ಮರದಿಂದ ಕಣ್ಣು ತೆಗೆಯದೆಯೇ, "ಹಂಗಾದ್ರೆ ಪರವಾಗಿಲ್ಲ, ನಾನು ಸಿಟ್ಟು ಬರ್ಸೋದು ಕಮ್ಮಿ," ಅಂದರು. ಮದುವೆಯಾಯಿತು.

ಗಂಡನಿಗೆ ನಾಟಕವೆಂದರೆ ನಿದ್ದೆಮಾತ್ರೆ. ಪ್ರಾರ್ಥನೆ ಮುಗಿಯುವ ಮೊದಲೇ ಗೊರಕೆ ಹೊಡೆಯುತ್ತಾರೆ. ಸುತ್ತಮುತ್ತ ಎಲ್ಲಿ ಪರದೆ ಕಟ್ಟಿದರೂ ಓಡುವವರು ಮಾವ ಮತ್ತು ನಾನು. "ಇವ್ರಿಗೆ ಬೇಕಾಗಿದ್ದು ಸೊಸೆ ಅಲ್ಲ, ಪಕ್ಕದ ಕುರ್ಚಿಗೆ ಜನ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಜೊತೆಗೆ ಮಾತ್ರ ಬರುತ್ತಿರಲಿಲ್ಲ.

ಹೋದ ತಿಂಗಳು ಮಾಯಸಂದ್ರದಲ್ಲಿ ಹಗಲು ನಾಟಕ. ಅಲ್ಲಿ ನೆಂಟರ ಮನೆಗೆ ಹೋಗಬೇಕಿದ್ದ ಅತ್ತೆ ಒಲ್ಲದ ಮನಸ್ಸಿನಿಂದ ಕಾರು ಹತ್ತಿದರು. ಶಾಮಿಯಾನದಡಿ ಕೂತು, ಎಲೆಅಡಿಕೆ ಹಾಕಿಕೊಂಡು, ವೇದಿಕೆಗೆ ಅರ್ಧ ಬೆನ್ನು ತೋರಿಸಿಯೇ ಇದ್ದರು.

ರಾಜನ ಪಾರ್ಟಿನವನು ತಾರಕಕ್ಕೇರಿದಾಗ ಅವನ ಮೀಸೆಯ ಒಂದು ತುದಿ ಬಿಟ್ಟುಕೊಂಡಿತು. ಉಸಿರೆಳೆದಾಗ ಮೂಗಿಗೆ, ಬಿಟ್ಟಾಗ ಗದ್ದಕ್ಕೆ ಹೋಗಿ ಬರುತ್ತಿದ್ದ ಅದು ಕೊನೆಗೆ ಮೈಕಿಗೆ ಅಂಟಿಕೊಂಡಿತು. ಪುಣ್ಯಾತ್ಮ ಹಾಡು ನಿಲ್ಲಿಸಲಿಲ್ಲ. ಅದನ್ನು ಕಿತ್ತು ಗಾಂಭೀರ್ಯದಿಂದ ಮಂತ್ರಿಗೆ ಕೊಟ್ಟ. ಮಂತ್ರಿ ಎರಡೂ ಕೈಯಲ್ಲಿ ಸ್ವೀಕರಿಸಿ, ಕಣ್ಣಿಗೊತ್ತಿಕೊಂಡು, ತಲೆಬಾಗಿ ಒಳಗೆ ಹೋದ.

ಅತ್ತೆ ಪೂರ್ತಿ ತಿರುಗಿ ಕೂತಿದ್ದರು. ಬಾಯಲ್ಲಿದ್ದ ಎಲೆಅಡಿಕೆಯೆಲ್ಲ ಮುಂದಿನ ಕುರ್ಚಿಯವರ ಬಿಳಿ ಅಂಗಿಯ ಮೇಲಿತ್ತು. ನಗುವಿನ ಮಧ್ಯೆ ಕ್ಷಮೆ ಕೇಳಲೂ ಆಗದೆ, ಸೆರಗಿನಿಂದ ಒರೆಸಲು ಹೋಗಿ ಕಲೆಯನ್ನು ಇನ್ನಷ್ಟು ಹರಡಿದರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅತ್ತೆಗೆ ಮಾವನ ಜೊತೆ ಒಂದೇ ವಾದ: ರಾಜ ಚೆನ್ನಾಗಿ ಹಾಡಿದ್ದು ಮೀಸೆ ಇದ್ದಾಗಲೋ, ಹೋದ ಮೇಲೋ.

"ಹೋದ್ ಮ್ಯಾಲೇ ಕಣ್ರೀ. ಬಾಯಿ ಸಲೀಸಾಯ್ತು."

"ನಿಂಗೇನ್ ಗೊತ್ತೇ ಸಂಗೀತ?"

ಕಾರು ಓಡಿಸುತ್ತಿದ್ದ ನನ್ನ ಗಂಡ ಬ್ರೇಕ್ ಒತ್ತಿ, "ಇಬ್ರೂ ಸ್ವಲ್ಪ ಸುಮ್ಕಿರಿ, ಎಮ್ಮೆ ಅಡ್ಡ ಬಂದೈತೆ," ಅಂದರು.